ಸೊಲ್ಲಾಪುರದ ಹಾಡುಗಾರರು ಎಲ್ಲಿ ಸಿಗುತ್ತಾರೆ?

ನಮ್ಮ ಕಡೆಯಿಂದ ಸೊಲ್ಲಾಪುರಕ್ಕೆ ಹೋದವರು ಚಾದರ ತರುತ್ತಾರೆ. ಅಕ್ಕಲಕೋಟೆಗೆ ಹೋದವರು ಸ್ವಾಮಿ ಸಮರ್ಥರ ಪ್ರಸಾದ ತರುತ್ತಾರೆ. ಅಲ್ಲಿ ರಾತ್ರಿಯಿಡೀ ಕುಳಿತು ಡೊಳ್ಳಿನ ಪದ ಕೇಳಿ ಬಂದೆವು, ಜಾತ್ರೆಯ ಕನ್ನಡ ನಾಟಕ ನೋಡಿ ಬಂದೆವು ಎನ್ನುವವರು ಅಪರೂಪ. ಅಂಥದು ಅಲ್ಲಿ ಇಲ್ಲವೆಂದಲ್ಲ, ಧಾರಾಳವಾಗಿ ಇದೆ. ಯಾವ ಊರಿನಲ್ಲಿ, ಯಾವ ರಾತ್ರಿ, ಯಾರು ಹಾಡುತ್ತಾರೆ ಎಂಬುದನ್ನು ಹೊರಗಿನವನಿಗೆ ಹೋಗಲಿ, ಪಕ್ಕದ ಪೇಟೆಯವನಿಗೂ ತಿಳಿಸುವ ಏರ್ಪಾಡು ಮಾತ್ರ ಇಲ್ಲ.

ಕರಾವಳಿಯವರಾದ ನಮಗೆ ಇದರ ಅರ್ಥ ಚೆನ್ನಾಗಿ ಆಗಬೇಕು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಪತ್ತನಾಜೆಯವರೆಗೂ ಈ ಕಡೆಯ ಕನ್ನಡ ಪತ್ರಿಕೆಗಳಲ್ಲಿ 'ಇಂದಿನ ಯಕ್ಷಗಾನ'ದ ಪಟ್ಟಿ ಬರುತ್ತದೆ. ಯಾವ ಮೇಳ ಎಲ್ಲಿ, ಪ್ರಸಂಗ ಯಾವುದು ಎಂಬುದು ನಾಲ್ಕು ಸಾಲಿನಲ್ಲಿ ಸಿಗುತ್ತದೆ. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಇದೊಂದು ಭಾಗ್ಯವೆಂದು ನಾವು ಎಣಿಸುವುದೇ ಇಲ್ಲ. ಮೇಳಕ್ಕೆ ಯಜಮಾನರಿದ್ದಾರೆ, ಮ್ಯಾನೇಜರರಿದ್ದಾರೆ, ಮುಂದಿನ ಆಟಗಳ ದಿನಾಂಕ ಬರೆದಿಟ್ಟ ಪುಸ್ತಕವಿದೆ. ಅದರಿಂದಲೇ ಪಟ್ಟಿ ಸಾಧ್ಯವಾಗಿದೆ. ಭೀಮಾ ತೀರದ ಡೊಳ್ಳಿನ ಮೇಳಕ್ಕೆ ಯಜಮಾನನೂ ಇಲ್ಲ, ಮ್ಯಾನೇಜರನೂ ಇಲ್ಲ. ಹಗಲು ತೊಗರಿ ಹೊಲದಲ್ಲಿ ದುಡಿದವನೇ ರಾತ್ರಿ ಮುಮ್ಮೇಳದ ಹಾಡುಗಾರ. ಅವನ ಕಾರ್ಯಕ್ರಮದ ವಿವರ ಅವನ ತಲೆಯಲ್ಲಿರುತ್ತದೆ, ಕರೆಯಲು ಬಂದವನ ಬಾಯಲ್ಲಿರುತ್ತದೆ. ಅದು ಅಚ್ಚಾಗುವುದು ಎಲ್ಲಿಂದ?

ಎಲ್ಲಿಯ ಕಾಸರಗೋಡು, ಎಲ್ಲಿಯ ಅಕ್ಕಲಕೋಟೆ, ಆ ಊರಿನ ಚಿಂತೆ ನಮಗೇಕೆ ಎಂದು ಕೇಳುವವರಿದ್ದಾರೆ. ಹಿರಿಯ ವಾಚಕರಿಗೆ ನೆನಪಿರಬಹುದು, ಈ ಎರಡು ಹೆಸರುಗಳೂ ಒಂದೇ ವರದಿಯಲ್ಲಿ ಬಂದಂಥವು. 1967ರ ಮಹಾಜನ ಆಯೋಗದ ವರದಿಯು ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಪ್ರದೇಶವನ್ನೂ, ಅಕ್ಕಲಕೋಟೆ ತಾಲೂಕನ್ನೂ, ದಕ್ಷಿಣ ಸೊಲ್ಲಾಪುರ ಮತ್ತು ಜತ್ತ ಕಡೆಯ ಹಲವು ಹಳ್ಳಿಗಳನ್ನೂ ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲೇ ಉಳಿಯಿತು. ಅದಕ್ಕೂ ಮೊದಲು, ರಾಜ್ಯಗಳ ಗಡಿ ಹೀಗೆ ಗಟ್ಟಿಯಾಗುವ ಮುನ್ನ, ಕನ್ನಡ ಸಾಹಿತ್ಯ ಸಮ್ಮೇಳನ 1948ರಲ್ಲಿ ಕಾಸರಗೋಡಿನಲ್ಲಿ ನಡೆಯಿತು, 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ನಡೆಯಿತು. ಅದರ ಮರುವರ್ಷ ಮುಂಬಯಿಯಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಅಧ್ಯಕ್ಷರಾದರು. ನಾವು ಒಂದೇ ಪಂಕ್ತಿಯಲ್ಲಿ ಕುಳಿತವರು. ಪಂಕ್ತಿಯ ಆ ತುದಿಯಲ್ಲಿರುವವನ ಎಲೆಗೆ ಬಡಿಸಿದರೋ ಇಲ್ಲವೋ ನೋಡುವುದು ಈ ತುದಿಯವನ ಕೆಲಸವೂ ಹೌದು.

ಸೊಲ್ಲಾಪುರ ಸಣ್ಣ ಊರಲ್ಲ. 2011ರ ಜನಗಣತಿಯಲ್ಲೇ ಅದರ ಜನಸಂಖ್ಯೆ ಒಂಬತ್ತೂವರೆ ಲಕ್ಷ ದಾಟಿತ್ತು. ಮರಾಠಿ ಅಲ್ಲಿನ ಆಡಳಿತದ ಮತ್ತು ಬಹುಜನರ ಭಾಷೆ. ಮಗ್ಗದ ಕೆಲಸಕ್ಕೆ ಬಂದು ನೆಲೆಸಿದ ಪದ್ಮಶಾಲಿಗಳ ತೆಲುಗು ಒಂದು ಭಾಗದಲ್ಲಿ, ಉರ್ದು ಇನ್ನೊಂದು ಭಾಗದಲ್ಲಿ, ಇವೆಲ್ಲದರ ನಡುವೆ ಹಳೆಯ ನಿವಾಸಿಗಳ ಕನ್ನಡ. ಪೇಟೆಯಲ್ಲಿ ಒಂದೇ ವ್ಯಾಪಾರದ ಮಾತು ಮೂರು ಭಾಷೆಗಳಲ್ಲಿ ಸಾಗುವುದು ಅಲ್ಲಿ ಯಾರಿಗೂ ಸೋಜಿಗವಲ್ಲ. ಕಲೆಯೂ ಹಾಗೆಯೇ. ಲಾವಣಿಯ ರಾಮಜೋಶಿ ಆ ಊರಿನವನು. ಹುತಾತ್ಮಾ ಸ್ಮೃತಿ ಮಂದಿರದಲ್ಲಿ ಮರಾಠಿ ಹವ್ಯಾಸಿಗಳ ನಾಟಕಗಳಾಗುತ್ತವೆ. ಮಹಾರಾಷ್ಟ್ರ ಸರಕಾರದ ರಾಜ್ಯ ನಾಟ್ಯ ಸ್ಪರ್ಧೆಗೆ ಸೊಲ್ಲಾಪುರವೂ ಒಂದು ಕೇಂದ್ರ. ಮಗ್ಗದ ಮೇಲೆ ನೂಲಿನಿಂದಲೇ ಮನುಷ್ಯರ ಭಾವಚಿತ್ರ ನೇಯುವ ತೆಲುಗು ನೇಕಾರರ ಕೈಚಳಕವನ್ನು ಕಲೆಯಲ್ಲವೆಂದು ಯಾರು ಹೇಳುತ್ತಾರೆ? ಈ ನಗರಕ್ಕೆ ಕಲೆಯ ಬರವಿಲ್ಲ. ಮರಾಠಿ ನಾಟಕಕ್ಕೆ ಸಭಾಗೃಹವಿದೆ, ಸ್ಪರ್ಧೆಯಿದೆ, ಮರುದಿನ ವಿಮರ್ಶೆ ಬರೆಯುವ ಸ್ಥಳೀಯ ಪತ್ರಿಕೆಯಿದೆ. ಕನ್ನಡದ ಹಾಡುಗಾರನಿಗೆ ಈ ಮೂರೂ ಇಲ್ಲ.

ಹಾಗೆಂದು ಸೊಲ್ಲಾಪುರದ ಕನ್ನಡ ಮೊನ್ನೆ ಬಂದ ಕನ್ನಡವೂ ಅಲ್ಲ. ಹನ್ನೆರಡನೆಯ ಶತಮಾನದ ಸಿದ್ಧರಾಮ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತ ವಚನ ಬರೆದವನು. ರಾಘವಾಂಕನು ಅವನ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡಿದ. ಬೇಂದ್ರೆಯವರು 1944ರಿಂದ 1956ರ ತನಕ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದರು. ಆ ಊರಿನಲ್ಲೇ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಓದಿದ್ದು ಮರಾಠಿ. ಕನ್ನಡ ಅಕ್ಷರವನ್ನು ತಾವಾಗಿ ಕಲಿತು, ಸಿದ್ಧರಾಮೇಶ್ವರ ಪುರಾಣವನ್ನು ತ್ರಿಪದಿಯಲ್ಲಿ ಬರೆದು, 1974ರ ಮಂಡ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಅವರು ಆರಿಸಿಕೊಂಡ ತ್ರಿಪದಿ ಪುಸ್ತಕದಿಂದ ಬಂದದ್ದಲ್ಲ, ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರ ಬಾಯಿಂದ ಬಂದದ್ದು. ಆ ಬಾಯಿಗಳು ಈಗಲೂ ಅಕ್ಕಲಕೋಟೆಯ ಹಳ್ಳಿಗಳಲ್ಲಿವೆ. ಬೀಸುಕಲ್ಲುಗಳು ಮಾತ್ರ ಹಿತ್ತಲು ಸೇರಿವೆ.

ಸರಿ, ಅಲ್ಲಿ ಕಲೆಯನ್ನು ಹುಡುಕುವುದು ಹೇಗೆ? ನಗರದಲ್ಲಿ ಟಿಕೆಟ್ ಕೊಳ್ಳುವ ಕಿಟಕಿಯನ್ನು ಹುಡುಕಿದರೆ ಪ್ರಯೋಜನವಿಲ್ಲ. ಪಂಚಾಂಗವನ್ನು ಬಿಚ್ಚಬೇಕು. ಸೊಲ್ಲಾಪುರ ಸೀಮೆಯ ಕಾರ್ಯಕ್ರಮ ಪಟ್ಟಿ ಇರುವುದು ಅದರಲ್ಲಿಯೇ.

ಜನವರಿಯಲ್ಲಿ ಸಂಕ್ರಾಂತಿಯ ಆಸುಪಾಸಿಗೆ ಸಿದ್ಧೇಶ್ವರನ ಗಡ್ಡಾ ಜಾತ್ರೆ. ಸಿದ್ಧರಾಮ ಸ್ಥಾಪಿಸಿದನೆಂದು ನಂಬುವ 68 ಲಿಂಗಗಳಿಗೆ ಊರು ಸುತ್ತಿ ಎಣ್ಣೆಯೆರೆಯುವುದು ಒಂದು ದಿನ; ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಒಂದು ದಿನ; ಹೋಮ ಒಂದು ದಿನ; ಮದ್ದು ಸುಡುವ ಸಂಭ್ರಮ ಮತ್ತೊಂದು ದಿನ. ಮೆರವಣಿಗೆಯ ಏಳು ನಂದಿಧ್ವಜಗಳು ಸುಮಾರು ಮೂವತ್ತು ಅಡಿ ಎತ್ತರದವು. ಬಿಳಿಯ ಬಾರಾಬಂದಿ ತೊಟ್ಟವರು ಒಬ್ಬರಿಂದೊಬ್ಬರಿಗೆ ಬದಲಾಯಿಸಿಕೊಳ್ಳುತ್ತ ಇದನ್ನು ಹೊರುತ್ತಾರೆ. ಜಾತ್ರೆಗೆ ಕೆಲವು ವಾರ ಮುಂಚೆಯೇ ಸಂಜೆಯ ಹೊತ್ತು ಇದರ ತಾಲೀಮು ಶುರುವಾಗುತ್ತದೆ. ಮೈಸೂರು ಕಡೆ ಇದರ ಸೋದರನಂತಿರುವ ನಂದಿಕೋಲನ್ನು ಕುಣಿಸುವವನು ದಸರಾ ಮೆರವಣಿಗೆಯಲ್ಲಿ ಜಾನಪದ ಕಲಾವಿದ. ಸೊಲ್ಲಾಪುರದವನು ಬರೇ ಭಕ್ತ. ತಾನು ಕಲಾವಿದನೆಂದು ಅವನೂ ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳಬೇಕೆಂದು ನಾವೂ ಅನ್ನುವುದಿಲ್ಲ. ಆದರೆ ಸೊಂಟಪಟ್ಟಿಯಲ್ಲಿ ಕೋಲಿನ ಬುಡವೂರಿ, ಗಾಳಿಯ ಸೆಳೆತಕ್ಕೆ ಹೆಜ್ಜೆ ಹೊಂದಿಸಿ ನಡೆಯುವ ಆ ವಿದ್ಯೆಯನ್ನು ಯಾರಿಂದ ಕಲಿತೆ ಎಂದು ಅವನನ್ನು ಯಾರಾದರೂ ಕೇಳಿ ಬರೆದಿಟ್ಟಿದ್ದಾರೆಯೇ?

ದೀಪಾವಳಿ ಅಮಾವಾಸ್ಯೆಗೆ ಮಂಗಳವೇಢೆ ತಾಲೂಕಿನ ಹುಲಜಂತಿ. ಮಹಾಲಿಂಗರಾಯನ ಶಿಖರಕ್ಕೆ ರಾತ್ರಿ ಶಿವನೇ ಬಂದು ಮುಂಡಾಸು ಸುತ್ತುತ್ತಾನೆಂಬ ನಂಬಿಕೆಯಿಂದ ಕರ್ನಾಟಕ, ಮಹಾರಾಷ್ಟ್ರ, ಆಂಧ್ರದ ಕುರುಬರು ಕಂಬಳಿ ಹೊದ್ದು ಬರುತ್ತಾರೆ. ಪಲ್ಲಕ್ಕಿಗಳ ಭೇಟಿಯ ಹೊತ್ತಿಗೆ ನೆಲ, ಆಕಾಶ ಎರಡೂ ಭಂಡಾರದ ಹಳದಿ. ಸಾಲು ಸಾಲು ಡೊಳ್ಳು. ಆ ಸದ್ದು ಎದೆಗೆ ಗುದ್ದಿದಂತೆ ಆಗುತ್ತದೆಂದು ಹೋಗಿ ಬಂದವರು ಹೇಳುವುದರಲ್ಲಿ ಅತಿಶಯವಿಲ್ಲ. ಡೊಳ್ಳಿನ ಪದವೆಂದರೆ ಬರೇ ಬಾರಿಸುವುದಲ್ಲ. ಎರಡು ಮೇಳಗಳು ಎದುರುಬದುರು ನಿಂತು ಬೀರಲಿಂಗ, ಅಮೋಘಸಿದ್ಧ, ರೇವಣಸಿದ್ಧರ ಕಥೆಗಳಿಂದ ಒಗಟಿನಂಥ ಪ್ರಶ್ನೆ ಎಸೆಯುತ್ತವೆ. ಉತ್ತರ ಹಾಡಿನಲ್ಲೇ ಬರಬೇಕು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಇದನ್ನು ಒಮ್ಮೆ ಕೇಳಿದರೆ ಖಂಡಿತ ಮೆಚ್ಚಿಯಾರು. ಹರದೇಶಿ ನಾಗೇಶಿಯ ವಾದವೂ ಇದೇ ಜಾತಿಯದು: ಒಬ್ಬರು ಗಂಡು ಹೆಚ್ಚೆಂದು, ಇನ್ನೊಬ್ಬರು ಹೆಣ್ಣು ಹೆಚ್ಚೆಂದು, ದಪ್ಪು ತುಂತುಣಿ ಹಿಡಿದು ಬೆಳಗಿನ ತನಕ. ಮರಾಠಿಯವರು ಕಲಗಿ ತುರಾ ಎನ್ನುವುದು ಇದನ್ನೇ. ಮೊಹರಮ್ಮಿನಲ್ಲಿ ರಿವಾಯತ ಪದ, ಶ್ರಾವಣದಲ್ಲಿ ಭಜನೆ, ಅಮಾವಾಸ್ಯೆ ಅಮಾವಾಸ್ಯೆಗೆ ಮಠಗಳಲ್ಲಿ ತತ್ವಪದ. ಈ ರಿವಾಯತ ಪದಗಳ ವಿಷಯ ಕರ್ಬಲಾ, ಭಾಷೆ ಅಪ್ಪಟ ಹಳ್ಳಿಗನ್ನಡ, ಹಾಡುವವರಲ್ಲಿ ಎರಡೂ ಮತದವರು.

ಪಂಚಾಂಗ ತಿಥಿಯನ್ನು ಹೇಳುತ್ತದೆ. ಮೇಳ ಯಾವುದು, ಹಾಡುಗಾರ ಯಾರು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಬಾಗಿಲು ಬಡಿಯಬೇಕು. ಮೈಂದರ್ಗಿ, ದುಧನಿ, ನಾಗಣಸೂರ, ಕರಜಗಿ, ತಡವಳ ಮುಂತಾದ ಕಡೆ ಊರಿನ ಗೌಡರನ್ನೋ ಸರಪಂಚರನ್ನೋ ಕೇಳುವುದಕ್ಕಿಂತ ಮೈಕ್ ಸೆಟ್ಟಿನವನನ್ನು ಕೇಳುವುದು ಮೇಲು. ಎಂಟು ಹತ್ತು ಹಳ್ಳಿಗಳ ಜಾತ್ರೆ, ಭಜನೆ, ನಾಟಕಗಳ ದಿನಾಂಕ ಅವನ ಬಳಿ ಇರುತ್ತದೆ. ಮುಂಗಡ ಹಣ ಪಡೆದವನಲ್ಲವೇ! ಹಾರ್ಮೋನಿಯಂ ರಿಪೇರಿ ಮಾಡುವವನು, ಡೊಳ್ಳಿಗೆ ಚರ್ಮ ಬಿಗಿಯುವವನು, ಕರಪತ್ರ ಅಚ್ಚು ಹಾಕುವ ಸಣ್ಣ ಪ್ರೆಸ್ಸಿನವನು, ಇವರಿಗೂ ಗೊತ್ತು. ಕಲಾವಿದನ ವಿಳಾಸ ತಾಲೂಕು ಕಚೇರಿಯಲ್ಲಿ ಸಿಗದಿದ್ದರೂ ಈ ನಾಲ್ವರಲ್ಲಿ ಒಬ್ಬರ ಬಳಿ ಸಿಗುತ್ತದೆ.

ಕರಪತ್ರದ ಮಾತನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಭೀಮೆಯ ಎರಡೂ ದಡಗಳ ಹಳ್ಳಿಗಳಲ್ಲಿ ಜಾತ್ರೆಗೆ ಸಾಮಾಜಿಕ ನಾಟಕವಾಡುವ ಪದ್ಧತಿ ಇದೆ. ಬಣ್ಣದ ತೆಳು ಕಾಗದದಲ್ಲಿ ಅದರ ಕರಪತ್ರ. ಮೇಲೆ ದೇವರ ಹೆಸರು, ಕೆಳಗೆ ನಾಟಕದ ಹೆಸರು, ಆಮೇಲೆ ಉದ್ದದ ಪಟ್ಟಿ: ನಾಯಕನ ಪಾತ್ರಕ್ಕೆ ಇಂಥವನು, ಖಳನಾಯಕ ಇಂಥವನು, ಹಾಸ್ಯಕ್ಕೆ ಇಂಥವನು, ಹೊರಗಿನಿಂದ ಬರುವ ನಟಿಯರು ಇಂಥವರು, ಹಾರ್ಮೋನಿಯಂ, ತಬಲಾ, ಪರದೆ, ದಿಗ್ದರ್ಶನ, ಮೈಕ್. ಒಂದು ಹಳ್ಳಿಯ ಹದಿನೈದಿಪ್ಪತ್ತು ಮಂದಿ ಕಲಾವಿದರ ಹೆಸರು ಹೀಗೆ ಒಂದೇ ಹಾಳೆಯಲ್ಲಿ ಸಿಗುತ್ತದೆ. ಇದಕ್ಕಿಂತ ನಂಬಿಕಸ್ಥ ದಾಖಲೆ ಯಾವ ಅಕಾಡೆಮಿಯ ಕಪಾಟಿನಲ್ಲಿದೆ? ಆದರೆ ನಾಟಕದ ಮರುದಿನ ಅದರಲ್ಲಿ ಮಂಡಾಳು ಕಟ್ಟಿ ಕೊಡುತ್ತಾರೆ.

ಪತ್ರಿಕೆಗಳ ವರದಿಯಾದರೂ ಈ ಕೊರತೆಯನ್ನು ತುಂಬುತ್ತದೆಯೋ ಎಂದರೆ, ಇಲ್ಲ. ಗಡಿನಾಡಿನ ಯಾವುದೇ ಕನ್ನಡ ಸಮಾರಂಭದ ವರದಿಯನ್ನು ತೆಗೆದು ನೋಡಿ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿಯವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಎಲ್ಲರ ಹೆಸರೂ ಪದವಿ ಸಹಿತ ಇರುತ್ತದೆ. ಕಡೆಗೆ ಒಂದು ಸಾಲು: 'ಅನಂತರ ಸಾಂಸ್ಕೃತಿಕ ಕಾರ್ಯಕ್ರಮಗಳು ಜರುಗಿದವು'. ಜನ ಯಾರಿಗಾಗಿ ಕಾದು ಕುಳಿತಿದ್ದರೋ ಆ ಹಾಡುಗಾರ ಈ ಒಂದು ಸಾಲಿನೊಳಗೆ ಹೆಸರಿಲ್ಲದೆ ಹೂತುಹೋದ. ಭಾಷಣಕಾರರು ಮರುದಿನ ಪತ್ರಿಕೆ ಕತ್ತರಿಸಿ ಇಡುತ್ತಾರೆ. ಅವರಿಗೆ ಅದರಿಂದ ಆಗಬೇಕಾದ ಕಾರ್ಯ ಏನೂ ಇಲ್ಲ. ಕತ್ತರಿಸಿ ಇಡಬೇಕಾದವನ ಹೆಸರು ಅದರಲ್ಲಿ ಇರುವುದಿಲ್ಲ.

ಇದು ಬರೇ ಗೌರವದ ಪ್ರಶ್ನೆಯೆಂದು ವಾಚಕರು ತಿಳಿಯಬಾರದು, ಹೊಟ್ಟೆಯ ಪ್ರಶ್ನೆಯೂ ಹೌದು. ವೃದ್ಧ ಸಾಹಿತಿ ಕಲಾವಿದರಿಗೆ ತಿಂಗಳ ಮಾನಧನ ಕೊಡುವ ಯೋಜನೆ ಮಹಾರಾಷ್ಟ್ರದಲ್ಲಿದೆ, ಮಾಸಾಶನ ಕರ್ನಾಟಕದಲ್ಲೂ ಇದೆ. ಅರ್ಜಿ ಹಾಕುವವನು ತಾನು ಇಷ್ಟು ವರ್ಷ ಕಲಾಸೇವೆ ಮಾಡಿದ್ದೇನೆಂದು ತೋರಿಸಬೇಕು. ಪ್ರಮಾಣಪತ್ರ, ಪತ್ರಿಕಾ ವರದಿ, ಕಾರ್ಯಕ್ರಮದ ಕರಪತ್ರ, ಹೀಗೆ ಏನಾದರೊಂದು ಕಾಗದ ಬೇಕು. ನಲವತ್ತು ವರ್ಷ ಡೊಳ್ಳಿನ ಪದ ಹಾಡಿ ಕಂಠ ಒಡೆದವನ ಬಳಿ ಒಂದು ಕಾಗದವೂ ಇರುವುದಿಲ್ಲ. ಮರಾಠಿ ಕಚೇರಿಯಲ್ಲಿ ಅವನು ಕನ್ನಡದ ಕಲಾವಿದ, ಬೆಂಗಳೂರಿನ ಕಚೇರಿಯಲ್ಲಿ ಅವನು ಮಹಾರಾಷ್ಟ್ರದ ನಿವಾಸಿ. ಅವನ ಪರವಾಗಿ ಮಾತಾಡಬಹುದಾಗಿದ್ದ ಒಂದೇ ಸಾಕ್ಷಿಯಾದ ಆ ಹಳದಿ ಕರಪತ್ರದಲ್ಲಿ ಯಾರೋ ಮಂಡಾಳು ತಿಂದರು.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತಿದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚು ಹಾಕಿ ಕಳಿಸುತ್ತದೆ. ಇದನ್ನು ಮೆಚ್ಚಿ ಹೇಳಲೇಬೇಕು. ಆದರೆ ಮುಂದಿನ ಓದು, ನೌಕರಿ ಎಂದು ತಂದೆತಾಯಿ ಮಕ್ಕಳನ್ನು ಮರಾಠಿಗೋ ಇಂಗ್ಲಿಷಿಗೋ ಹಾಕುತ್ತಾರೆ. ಅವರನ್ನು ದೂರಿ ಫಲವಿಲ್ಲ, ಕಾಸರಗೋಡಿನಲ್ಲಿ ನಾವೇನು ಬೇರೆ ಮಾಡುತ್ತಿದ್ದೇವೆ? ಪರಿಣಾಮವೇನೆಂದರೆ ಅಜ್ಜ ಕೈಯಾರೆ ಬರೆದಿಟ್ಟ ಪದಗಳ ವಹಿ ಮೊಮ್ಮಗನಿಗೆ ಓದಲು ಬರುವುದಿಲ್ಲ. ಹಾಡಬೇಕೆಂಬ ಆಸೆಯಿರುವ ಹುಡುಗರು ಕನ್ನಡ ಪದವನ್ನು ಬಾಳಬೋಧ ಲಿಪಿಯಲ್ಲಿ ಬರೆದುಕೊಂಡು ಹಾಡುವುದುಂಟು. ಕೆಲವರಿಗೆ ಇದು ಕನ್ನಡದ ಸೋಲಾಗಿ ಕಾಣಬಹುದು. ನಮಗೆ ಹಾಗೆ ತೋರುವುದಿಲ್ಲ. ಯಾವ ಲಿಪಿಯಲ್ಲಾದರೂ ಹಾಡು ಹುಡುಗನ ಗಂಟಲಲ್ಲಿ ಉಳಿದರೆ, ಲಿಪಿಯನ್ನು ಆಮೇಲೆ ಕಲಿಸಬಹುದು. ಜಯದೇವಿತಾಯಿಯವರೂ ಆಮೇಲೆಯೇ ಕಲಿತವರು.

ಹಾಗಿದ್ದರೆ ಈ ಪಟ್ಟಿ ಕಟ್ಟುವವರು ಯಾರು? ಸರಕಾರದ ಕಡೆ ಕೈ ತೋರಿಸುವುದು ಸುಲಭ. 2010ರಲ್ಲಿ ಹುಟ್ಟಿದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಗಡಿಯಲ್ಲೂ ಕನ್ನಡ ಕೆಲಸಗಳಿಗೆ ಅನುದಾನ ಕೊಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿಗೆ ಮಹಾರಾಷ್ಟ್ರ ಘಟಕವಿದೆ. ಅಕ್ಕಲಕೋಟೆಯಲ್ಲಿ ಸ್ಥಳೀಯ ಕನ್ನಡಿಗರೇ ಕಟ್ಟಿದ ಆದರ್ಶ ಕನ್ನಡ ಬಳಗವಿದೆ. ಇವರು ಸಮಾರಂಭ ಮಾಡುತ್ತಾರೆ, ಶಾಲು ಹೊದಿಸುತ್ತಾರೆ, ಅದು ಬೇಕು. ಅನುದಾನ ಪಡೆದ ಪ್ರತಿಯೊಂದು ಕಾರ್ಯಕ್ರಮದ ಲೆಕ್ಕಪತ್ರದ ಜೊತೆಗೆ ಅಲ್ಲಿ ಹಾಡಿದ, ಬಾರಿಸಿದ, ಕುಣಿದ ಎಲ್ಲರ ಹೆಸರು, ಊರುಗಳ ಪಟ್ಟಿಯನ್ನೂ ಲಗತ್ತಿಸತಕ್ಕದ್ದು ಎಂದು ಪ್ರಾಧಿಕಾರ ಒಂದು ನಿಯಮ ಮಾಡಿದರೆ ಖರ್ಚು ಒಂದು ಹಾಳೆ ಕಾಗದ. ಇಷ್ಟನ್ನು ನಾವು ಪ್ರಾಧಿಕಾರದ ಮುಂದೆ ಗಟ್ಟಿಯಾಗಿಯೇ ಇಡುತ್ತೇವೆ.

ಮಿಕ್ಕ ಕೆಲಸ ಮಾಸ್ತರರದು. ಇದಕ್ಕೆ ಹತ್ತಿರದಲ್ಲೇ ಮೇಲ್ಪಂಕ್ತಿಯಿದೆ. ಸೊಲ್ಲಾಪುರದಿಂದ ಭೀಮೆ ದಾಟಿದರೆ ಸಿಗುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ, ರೇವಪ್ಪ ಕಾಪಸೆ ಎಂಬ ಗೆಳೆಯರು ಯಾರ ಅನುದಾನವನ್ನೂ ಕಾಯದೆ ಮನೆ ಮನೆಗೆ ಹೋಗಿ ಹಾಡು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು, 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ಬಂತು. ಸಿಂಪಿ ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರರೇ. ಆಗ ಅವರ ಬಳಿ ಇದ್ದದ್ದು ಟಾಕು ದೌತಿ. ಈಗ ಪ್ರತಿ ಮಾಸ್ತರರ ಕಿಸೆಯಲ್ಲಿ ಧ್ವನಿ, ಚಿತ್ರ ಎರಡನ್ನೂ ಹಿಡಿಯುವ ಫೋನಿದೆ. 'ಸ್ಥಳೀಯ ಪರಿಸರದಿಂದ ಕಲಿಕೆ' ಎಂದು ಶಿಕ್ಷಕರ ತರಬೇತಿಯಲ್ಲಿ ಎಲ್ಲರೂ ಪಾಠಯೋಜನೆ ಬರೆದವರೇ. ಆ ಪರಿಸರ ಶಾಲೆಯ ಕಂಪೌಂಡಿನ ಹೊರಗೆ ಪ್ರತಿ ಅಮಾವಾಸ್ಯೆಗೂ ಡೊಳ್ಳು ಬಾರಿಸುತ್ತಿದೆ.

ಯೂಟ್ಯೂಬಿನಲ್ಲಿ ಈಗ ಎಲ್ಲ ಸಿಗುತ್ತದಲ್ಲ ಎನ್ನುವವರಿಗೆ ಒಂದು ಮಾತು. ಸಿಗುತ್ತದೆ ನಿಜ. ಡೊಳ್ಳಿನ ಪದ ಎಂದು ಒತ್ತಿದರೆ ನೂರಾರು ಬರುತ್ತವೆ. ಅವುಗಳಲ್ಲಿ ಚಿತ್ರ ತೆಗೆದ ಅಂಗಡಿಯ ಹೆಸರು ದೊಡ್ಡದಾಗಿರುತ್ತದೆ. ಹಾಡಿದವನ ಹೆಸರು ಇದ್ದರೆ ಊರಿಲ್ಲ, ಊರಿದ್ದರೆ ಹಿಮ್ಮೇಳದವರ ಹೆಸರಿಲ್ಲ. ಕಳೆದುಹೋದ ಜಾತ್ರೆಯನ್ನು ಅದರಲ್ಲಿ ನೋಡಬಹುದು. ಮುಂದಿನ ಅಮಾವಾಸ್ಯೆಗೆ ಎಲ್ಲಿ ಹೋಗಿ ಕೂರಬೇಕೆಂದು ಅದು ಹೇಳುವುದಿಲ್ಲ.

ಆದ್ದರಿಂದ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಶಾಲೆಗೊಂದು ಇನ್ನೂರು ಪುಟದ ವಹಿ ಇಡಿ. ಊರಿಗೆ ಬಂದ ಪ್ರತಿ ಕರಪತ್ರವನ್ನೂ ಅದರಲ್ಲಿ ಅಂಟಿಸಿ, ಕೆಳಗೆ ಇಸವಿ ಬರೆಯಿರಿ. ಕರಪತ್ರಗಳಲ್ಲಿ ವಾರ, ತಿಥಿ ಇರುತ್ತದೆ, ಇಸವಿ ಬಿಟ್ಟುಹೋಗುವುದೇ ಹೆಚ್ಚು. ಹಾಡುಗಾರರ ಹೆಸರು, ಊರು, ಗುರುವಿನ ಹೆಸರು, ಹಿಡಿಯುವ ವಾದ್ಯ, ಬರುವ ಪದಗಳು, ಇಷ್ಟನ್ನು ಏಳನೆಯ ತರಗತಿಯ ಹುಡುಗರಿಂದಲೇ ಕೇಳಿಸಿ ಬರೆಸಿ. ಹೆಂಗಸರ ಪದ ಬರೆಯಲು ಹುಡುಗಿಯರನ್ನು ಕಳಿಸಿ, ಹುಡುಗರ ಮುಂದೆ ಅಜ್ಜಿಯಂದಿರು ಬಾಯಿ ಬಿಡುವುದಿಲ್ಲ. ಮುಂದಿನ ತಿಂಗಳು ಯಾವ ಹಳ್ಳಿಯಲ್ಲಿ ಏನಿದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಹತ್ತಿರದ ಕನ್ನಡ ಪತ್ರಿಕೆಗೆ ಕಳಿಸಿ. ಸಾಧ್ಯವಾದರೆ ಮರಾಠಿ ಪತ್ರಿಕೆಗೂ ಕಳಿಸಿ, ಹುಲಜಂತಿಯಲ್ಲಿ ಮರಾಠಿಗರೇನು ಕಡಿಮೆ ಸೇರುವುದಿಲ್ಲ. ಕಲಾವಿದರ ಫೋನ್ ನಂಬರು ಬರೆದುಕೊಳ್ಳುವಾಗ ಮಗನದೋ ಮೊಮ್ಮಗನದೋ ನಂಬರನ್ನೂ ಕೇಳಿ ಇಟ್ಟುಕೊಳ್ಳಿ. ಹಿರಿಯರ ಫೋನು ಹೊಲದಲ್ಲಿ ಹತ್ತುವುದಿಲ್ಲ, ಮನೆಯಲ್ಲಿ ಚಾರ್ಜ್ ಇರುವುದಿಲ್ಲ.